ಬರೆ ಯಾರದೆಂದು ಹೇಳಲು ಜರ್ಮನಿಗೆ ಹೋದದ್ದು

ಜರ್ಮನಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಅಲ್ಲಿ ಏನು ಉಂಡೆ ಎಂದು. ಆಮೇಲೆ ಚಳಿ ಎಷ್ಟಿತ್ತು ಎಂದು. ಯಾಕೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಅರ್ಧ ಗೊತ್ತು. ಅರ್ಧ ಗೊತ್ತಿದ್ದವರದೇ ಮಾತು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕುರಿ ಹಿಕ್ಕೆ ಚೆಲ್ಲಿದ ಹಾಗೆ ಇರುತ್ತದೆ. ಅಚ್ಚು ಹಾಕುವವರು ಸಾಲು ನೆಟ್ಟಗೆ ಮಾಡಿಕೊಳ್ಳಲಿ, ಮಾತು ನೆಟ್ಟಗೆ ಮಾಡುವುದು ಬೇಡ.

ಝರಾಸಂಗಂ ಬಿಡುವ ಮುಂಚೆ

ನಮ್ಮದು ಝರಾಸಂಗಂ ಹತ್ತಿರದ ಹಳ್ಳಿ. ಕುರಿ ಇವೆ, ಸ್ವಲ್ಪ ತೊಗರಿ ಹೊಲ ಇದೆ. ಮಗಳನ್ನು ತಾಂಡೂರಿಗೆ ಕೊಟ್ಟಿದ್ದೇನೆ. ಮಗ ಬೀರಪ್ಪ ಒಬ್ಬನೇ. ನಾರಾಯಣಖೇಡದ ಕಡೆಯವರು ಗಲ್ಫಿಗೆ ಹೋದರೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಇವನು ಅಲ್ಲಿಯೂ ಕುರಿ ಕಾಯಲು ಹೋದ. "ಇಲ್ಲಿ ಕುರಿ ಇಲ್ಲೇನೋ?" ಎಂದೆ. "ಅಲ್ಲಿ ಕುರಿ ಕಾದ್ರ ಪಗಾರ ಅದ ಯವ್ವಾ" ಎಂದ.

ಅವನು ಕುರಿ ಕಾಯುತ್ತಿದ್ದ ಜಾಗದ ಪಕ್ಕದ ದೇಶದಲ್ಲಿ ಯುದ್ಧ ನಡೆದಿತ್ತು. ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಜನ ಜೈಲಿನಲ್ಲಿದ್ದಾರೆ, ಹೆಸರು ಎತ್ತಿದರೆ ಅವರಿಗೆ ತ್ರಾಸ ಎಂದು ನಮ್ಮ ವಕೀಲಮ್ಮ ಹೇಳಿದ್ದಾಳೆ. ಆ ಮರಳಿನಲ್ಲಿ ಗಡಿ ಎಂದರೆ ಒಂದು ತಂತಿ. ಗಾಳಿ ಬೀಸಿ ಮರಳು ತಂತಿಯನ್ನು ಮುಚ್ಚಿತ್ತು, ಕುರಿ ದಾಟಿದವು. ಹಿಂದೆ ಇವನೂ ದಾಟಿದ. ಬಂದೂಕಿನವರು ಜೀಪಿನಲ್ಲಿ ಬರುವುದು ದೂರದಿಂದಲೇ ಕಂಡಿತಂತೆ. ಕುರಿ ಬಿಟ್ಟು ಓಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದ. ಓಡಲಿಲ್ಲ. ನಮ್ಮಲ್ಲಿ ಮಂದೆ ಬಿಟ್ಟು ಬಂದವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಅವರು ಇವನನ್ನು ಗೂಢಚಾರ ಎಂದು ಹಿಡಿದರು. ಕುರಿಗಳನ್ನು ಕೊಯ್ದು ತಿಂದರು. ಇವನನ್ನು ಜೈಲು ಮಾಡಿಕೊಂಡಿದ್ದ ಒಂದು ಹಳೆಯ ಶಾಲೆಯಲ್ಲಿ ಇಟ್ಟರು. ಬಹಳ ಕಾಲ ಇಟ್ಟು, ಕೊನೆಗೆ ಬಿಟ್ಟರು.

ಮನೆಗೆ ಬಂದಾಗ ಅವನ ಮಾತು ಕಡಿಮೆಯಾಗಿತ್ತು. ಬೇಸಿಗೆಯಲ್ಲೂ ಅಂಗಿ ಬಿಚ್ಚುತ್ತಿರಲಿಲ್ಲ. ಮದುವೆ ಮಾಡಿ ಸೊಸೆ ತಂದೆ, ಆಮೇಲೂ ಬಿಚ್ಚಲಿಲ್ಲ.

ಆ ಶಾಲೆಯನ್ನು ನಡೆಸುತ್ತಿದ್ದ ಅಧಿಕಾರಿ, ತನ್ನ ಕಡೆಯವರು ಸೋತ ಮೇಲೆ ಜರ್ಮನಿಗೆ ಹೋಗಿ, ನಾನೂ ಯುದ್ಧಕ್ಕೆ ಹೆದರಿ ಬಂದವನು, ಆಸರೆ ಕೊಡಿ ಎಂದನಂತೆ. ಕೊಟ್ಟರು. ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ಅದೇ ಜೈಲಿನಲ್ಲಿ ಇದ್ದು ಬಂದ ಮುದುಕನೊಬ್ಬ ಅಲ್ಲಿ ರೊಟ್ಟಿ ಕೊಳ್ಳಲು ಹೋಗಿ ಅವನ ದನಿ ಗುರುತು ಹಿಡಿದ. ಹಾಗೆ ಖಟ್ಲೆ ಹೂಡಿದರು. ಒಳಗಿದ್ದವರನ್ನು ಹುಡುಕುತ್ತಾ ಹುಡುಕುತ್ತಾ ಬೀರಪ್ಪನವರೆಗೆ ಬಂದರು.

ಅವನು ಹೋಗುವುದು ಸರಿ. ನನ್ನನ್ನು ಯಾಕೆ ಕರೆದರೋ ತಿಳಿಯಲಿಲ್ಲ. ತಾಯಿಯೂ ಬರಬೇಕು, ಬರೆ ಹಾಕುವ ಪದ್ಧತಿಯ ಬಗ್ಗೆ ಕೇಳುವುದಿದೆ ಎಂದು ಕಾಗದ ಬಂತು. ಬೀರಪ್ಪ ಅದನ್ನು ಓದಿ ಹೇಳಿ, ನನ್ನ ಮುಖ ನೋಡದೆ ಎದ್ದು ಕುರಿ ಹಟ್ಟಿಗೆ ಹೋದ.

ಬರೆ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೂಸಿಗೆ ಪಕ್ಕೆ ಹಾರಿ ಉಸಿರು ಹಿಡಿದರೆ, ಕಾಮಾಲೆ ಆದರೆ, ಕುಡುಗೋಲಿನ ತುದಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ ಮೈಮೇಲೆ ಒಂದು ಗೆರೆ ಇಡುತ್ತಿದ್ದೆವು. ಈಗ ಕಡಿಮೆ. ಬರೆಯಿಂದ ವಾಸಿಯಾಗುತ್ತಿತ್ತೋ, ತಾನೇ ವಾಸಿಯಾಗುತ್ತಿತ್ತೋ ನನಗೆ ಗೊತ್ತಿಲ್ಲ. ಉಳಿದ ಕೂಸುಗಳೂ ಇವೆ, ಸತ್ತವೂ ಇವೆ. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ. ಹೆತ್ತವಳೇ ಬರೆ ಹಾಕಬೇಕು. ಹಾಕಿದವಳು ಆ ಗಾಯ ಮಾಯುವವರೆಗೆ ಉಪ್ಪು ತಿನ್ನಬಾರದು. ಯಾಕೆ ಎಂದು ಅತ್ತೆಯನ್ನು ಕೇಳಿದ್ದೆ. "ಕೂಸಿಗಿ ಉರಿ, ನಿನಗ ರುಚಿ, ಎರಡೂ ಒಂದ ಮನ್ಯಾಗ ಇರಬಾರ್ದು" ಎಂದಿದ್ದಳು. ಬೀರಪ್ಪನಿಗೆ ನಾನು ಎರಡು ಸಲ ಹಾಕಿದ್ದೇನೆ.

ವಿಮಾನ

ಪಾಸ್‌ಪೋರ್ಟಿಗೆ ಬೆರಳು ಒತ್ತಿಸಿದರು. ನನ್ನ ಬೆರಳಲ್ಲಿ ಗೆರೆಯೇ ಇಲ್ಲ, ಉಣ್ಣೆ ನೂತು ನೂತು ಸವೆದಿವೆ. ಯಂತ್ರದ ಮುಂದೆ ಕೂತಿದ್ದ ಹುಡುಗಿ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಒತ್ತಿಸಿ, ಕೊನೆಗೆ "ಅಮ್ಮಾ, ನೀವು ಇದ್ದೀರಾ ಇಲ್ಲವಾ?" ಎಂದು ತೆಲುಗಿನಲ್ಲಿ ನಗಾಡಿದಳು. "ಬೆರಳು ಇಲ್ಲ, ನಾನು ಇದ್ದೀನಿ, ಬರೆದುಕೋ" ಎಂದೆ.

ವಿಮಾನದಲ್ಲಿ ಜನ ಮಾತಾಡುವುದಿಲ್ಲ. ನಮ್ಮ ನಾರಾಯಣಖೇಡ ಬಸ್ಸು ಹತ್ತಿದರೆ ಇಳಿಯುವುದರೊಳಗೆ ಪಕ್ಕದವಳ ಸೊಸೆಯ ಗುಣ, ಎಮ್ಮೆಯ ಹಾಲು, ಎಲ್ಲಾ ಗೊತ್ತಾಗಿರುತ್ತದೆ. ಇಲ್ಲಿ ಅಷ್ಟು ಹೊತ್ತು ಮೊಣಕೈ ತಾಗಿಸಿಕೊಂಡು ಕೂತ ಗಂಡಸು, ಇಳಿಯುವಾಗ ಒಂದು ಸಲ ತಲೆ ಬಾಗಿಸಿದ. ಅಷ್ಟೇ ಅವನ ಸಂಬಂಧ.

ಅಡುಗೆಯಲ್ಲಿ ಏನು ಹೆಚ್ಚುಕಡಿಮೆಯಾದರೂ ಅಲ್ಲೇ ಹೇಳುವವಳು ನಾನು. ಸೊಸೆಗೆ ಇದಕ್ಕೇ ನನ್ನ ಮೇಲೆ ಸಿಟ್ಟು. ಊಟ ಕೊಟ್ಟ ಹುಡುಗಿ ಹೇಗಿದೆ ಎಂದು ಕೈಸನ್ನೆಯಲ್ಲಿ ಕೇಳಿದಳು.

"ಅನ್ನ ಬೆಂದಿಲ್ಲ, ಪಲ್ಯಾದಾಗ ಉಪ್ಪು ಕಡಿಮಿ ಅದ ಅಂತ ಹೇಳೋ" ಎಂದೆ ಮಗನಿಗೆ.

"ಸುಮ್ಮ ಉಣ್ಣ ಯವ್ವಾ. ಇದು ನಿನ್ನ ಸೊಸಿ ಮನಿ ಅಲ್ಲ."

ಅವನು ಆ ಹುಡುಗಿಗೆ ಏನೋ ಹೇಳಿದ. ಅವಳು ಖುಷಿಯಾಗಿ ಹೋದಳು. ಸುಳ್ಳು ಹೇಳಿದ್ದಾನೆ ಎಂದು ತಿಳಿಯಿತು.

ನದಿ ದಂಡೆಯ ಊರು

ಕೋರ್ಟು ಇದ್ದದ್ದು ಒಂದು ನದಿ ದಂಡೆಯ ಊರಿನಲ್ಲಿ. ನಮ್ಮ ಮಾತನ್ನು ಅವರ ಮಾತಿಗೆ ತಿರುಗಿಸಲು ವಸುಧಾ ಎಂಬ ಹೆಣ್ಣುಮಗಳು ಬಂದಿದ್ದಳು. ಮೈಸೂರಿನವಳು, ಮದುವೆಯಾಗಿ ಅಲ್ಲಿಯೇ ಇದ್ದಾಳೆ. ಒಳ್ಳೆಯವಳು. ನನ್ನ ಮಾತು ಅರ್ಧ ತಿಳಿಯದೆ ಮೊದಲ ದಿನ ಬೆವತುಬಿಟ್ಟಳು.

"ಅಮ್ಮಾ, ಸ್ವಲ್ಪ ನಿಧಾನವಾಗಿ ಹೇಳ್ತೀರಾ?"

"ನಾ ನಿಧಾನನೇ ಹೇಳಾಕತ್ತೀನಿ. ನೀ ಲಗು ಕೇಳಾಕತ್ತಿ."

ಆ ಊರಿನ ಜನ ರಸ್ತೆ ದಾಟಲು ಕಂಬದ ಮೇಲಿನ ಕೆಂಪು ದೀಪ ಹಸಿರಾಗುವುದನ್ನು ಕಾಯುತ್ತಾರೆ. ಗಾಡಿ ಇಲ್ಲ, ಘೋಡಾ ಇಲ್ಲ, ರಸ್ತೆ ಖಾಲಿ ಹೊಲದ ಹಾಗೆ ಬಿದ್ದಿದೆ, ಆದರೂ ನಿಂತಿರುತ್ತಾರೆ. ನಾನು ದಾಟಿದೆ. ಹಿಂದಿನಿಂದ ಒಬ್ಬ ಅಜ್ಜಿ, ನನಗಿಂತ ಮುದುಕಿ, ಕೋಲು ಎತ್ತಿ ಬೈದಳು. "ಏನಂದಳು?" ಎಂದೆ. "ಚಿಕ್ಕ ಮಕ್ಕಳು ನೋಡಿ ಕಲೀತಾರೆ ಅಂದರು" ಎಂದಳು ವಸುಧಾ. ಮಕ್ಕಳು ಅಲ್ಲಿ ಯಾರೂ ಇರಲಿಲ್ಲ. ಇಲ್ಲದ ಮಕ್ಕಳಿಗಾಗಿ ಕಾಯುವ ಜನ ಇವರು, ಇವರ ಕೋರ್ಟು ಹೇಗಿರುತ್ತದೋ ನೋಡೋಣ ಎಂದುಕೊಂಡೆ.

ನಾವು ಇಳಿದುಕೊಂಡಿದ್ದ ವಸತಿಯ ಅಂಗಳಕ್ಕೆ ಬೂದು ಬಣ್ಣದ ಚಪ್ಪಡಿ ಹಾಸಿದ್ದರು. ಕೂತು ಕೈಯಾಡಿಸಿದೆ. ನಮ್ಮ ಅಳಿಯ ತಾಂಡೂರಿನಲ್ಲಿ ಪಾಲಿಶ್ ಹಿಡಿಯುವ ಬಂಡೆಯ ಹಾಗೇ ಇತ್ತು. "ಇದು ನಮ್ಮ ಬಂಡಿ" ಎಂದು ಅಡುಗೆಯವಳಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ತಲೆ ಅಲ್ಲಾಡಿಸಿ ಎದುರಿನ ಗುಡ್ಡ ತೋರಿಸಿದಳು. ಅವರ ಗುಡ್ಡದ್ದೇ ಅಂತೆ. ಎದ್ದೆ.

ವಕೀಲಮ್ಮನ ಕೋಣೆ

ಬೀರಪ್ಪನ ಪರವಾಗಿ ನಿಂತಿದ್ದ ವಕೀಲಮ್ಮ ಗಿಡ್ಡ ಕೂದಲಿನ, ಗಟ್ಟಿ ದನಿಯ ಹೆಂಗಸು. ನಾನು ಮೊದಲು ಕೇಳಿದ್ದು ಇದು: ತಪ್ಪು ನಡೆದದ್ದು ಒಂದು ದೇಶದಲ್ಲಿ, ಮಾಡಿದವನು ಆ ದೇಶದವನು, ನೋವು ಉಂಡವನು ನಮ್ಮವನು. ನಡುವೆ ನಿಮಗೇನು ಕೆಲಸ? ನಮ್ಮ ಊರಿನ ಜಗಳವನ್ನು ತಾಂಡೂರಿನವರು ಬಿಡಿಸುತ್ತಾರೆಯೇ?

ಅವಳು ಹೇಳಿದ್ದನ್ನು ವಸುಧಾ ತಿಳಿಸಿದಳು. ಕೆಲವು ತಪ್ಪುಗಳಿಗೆ ಊರು ಇಲ್ಲವಂತೆ. ಯುದ್ಧಕ್ಕೂ ಕಟ್ಟಳೆ ಇದೆಯಂತೆ. ಆಯುಧ ಇಲ್ಲದವನನ್ನು, ಕೈಗೆ ಸಿಕ್ಕವನನ್ನು ಹಿಂಸೆ ಮಾಡಬಾರದು. ಮಾಡಿದವನು ಯಾವ ದೇಶಕ್ಕೆ ಹೋದರೂ ಆ ದೇಶದವರು ಹಿಡಿದು ಕೇಳಬಹುದು ಎಂದು ಇಲ್ಲಿ ಕಾನೂನು ಮಾಡಿಕೊಂಡಿದ್ದಾರೆ.

ನನಗೆ ತಿಳಿಯಿತು. ಕದ್ದ ಕುರಿಯನ್ನು ಯಾವ ಸಂತೆಗೆ ತಂದರೂ, ಕಿವಿಯ ಗುರುತು ಕಂಡವನು ಹಿಡಿಯಬಹುದು. ಇದು ಯಾವ ಊರ ಕುರಿ, ನಾನು ಯಾವ ಊರಿನವನು ಎಂದು ಕೇಳುತ್ತಾ ಕೂಡುವುದಿಲ್ಲ. ಹೀಗೆಂದೆ. ವಕೀಲಮ್ಮ ನಕ್ಕು, "ಸುಮಾರಾಗಿ ಅದೇ, ಆದರೆ ನಮ್ಮಲ್ಲಿ ಕಾಗದ ಜಾಸ್ತಿ" ಎಂದಳಂತೆ.

ಆಗ ನನಗೆ ನನ್ನ ಮೈದುನ ನೆನಪಾದ. ಅವನನ್ನು ಕುರಿ ಕದ್ದೆ ಎಂದು ಠಾಣೆಗೆ ಒಯ್ದಿದ್ದರು. ಕದ್ದಿರಲಿಲ್ಲ. ಮರಳಿ ಬಂದಾಗ ಅಂಗಾಲು ಬಾತು ಹಲಸಿನ ತೊಳೆಯಂತಾಗಿತ್ತು. ಆಮೇಲೆ ಅವನು ಸಾಯುವ ತನಕ ಕುಂಟಿದ. ಯಾರನ್ನೂ ಯಾರೂ ಕೇಳಲಿಲ್ಲ. ಕೇಳಬಹುದು ಎನ್ನುವುದೇ ನಮಗೆ ಗೊತ್ತಿರಲಿಲ್ಲ.

"ಅದನ್ನೂ ಇಲ್ಲಿ ತರಬಹುದೇನು?" ಎಂದೆ.

ವಕೀಲಮ್ಮ ತಲೆ ಅಲ್ಲಾಡಿಸಿದಳು. "ಅದನ್ನು ನಿಮ್ಮ ದೇಶದಲ್ಲೇ ಕೇಳಬೇಕು. ಹಿಂಸೆ ಮಾಡುವುದಿಲ್ಲ ಎನ್ನುವ ಜಗತ್ತಿನ ಒಪ್ಪಂದಕ್ಕೆ ನಿಮ್ಮ ದೇಶ ಸಹಿ ಹಾಕಿದೆ. ಪಕ್ಕಾ ಮಾಡಿ ಕಾನೂನಿಗೆ ತರುವುದು ಇನ್ನೂ ಬಾಕಿ ಇದೆ" ಎಂದಳು. ನಿಶ್ಚಿತಾರ್ಥ ಆಗಿದೆ, ಮದುವೆ ಆಗಿಲ್ಲ ಎಂದ ಹಾಗೆ.

ಆಮೇಲೆ ನನ್ನನ್ನು ಕರೆಸಿದ ಕಾರಣ ಹೇಳಿದಳು. ಬೀರಪ್ಪ ಗಲ್ಫಿನಿಂದ ಬಂದ ಹೊಸದರಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರು ಅವನ ಮೈ ನೋಡಿ, ಇವೇನು ಸುಟ್ಟ ಗುರುತು ಎಂದು ಕೇಳಿದ್ದರು. ಇವನು "ಎಲ್ಲಾ ನಮ್ಮವ್ವ ಹಾಕಿದ ಬರಿರಿ, ನಮ್ಮಾಗ ಸಣ್ಣವರಿದ್ದಾಗ ಹಾಕ್ತಾರ" ಎಂದಿದ್ದ. ಡಾಕ್ಟರು ಹಾಗೇ ಬರೆದುಕೊಂಡರು. ಈಗ ಆರೋಪಿಯ ವಕೀಲನಿಗೆ ಅದು ಸಿಕ್ಕಿದೆ. ಆ ಗುರುತುಗಳು ತಾಯಿ ಹಾಕಿದವು, ಇವನು ಹೇಳುವುದೆಲ್ಲ ಸುಳ್ಳು ಎನ್ನುತ್ತಾನೆ. ಇದೊಂದು ಸುಳ್ಳಾದರೆ ಬೀರಪ್ಪನ ಉಳಿದ ಮಾತನ್ನೂ ನಂಬುವುದಿಲ್ಲ.

"ನೀವು ಏನು ಹೇಳಬೇಕು ಎಂದು ನಾನು ಹೇಳಿಕೊಡುವುದಿಲ್ಲ. ಫೋಟೋನೂ ಮೊದಲೇ ತೋರಿಸುವುದಿಲ್ಲ. ಗೊತ್ತಿದ್ದದ್ದು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ" ಎಂದಳು.

ಬೀರಪ್ಪ ಕಿಟಕಿಯಿಂದ ನದಿ ನೋಡುತ್ತಿದ್ದ. ನದಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಒಂದು ಕಲ್ಲಿದ್ದಲ ದೋಣಿ ಹೋಗುತ್ತಿತ್ತು. ಅವನನ್ನು ಬೈದು ಉಪಯೋಗವಿರಲಿಲ್ಲ. ಆದರೆ ಲೆಕ್ಕ ನೆಟ್ಟಗೆ ಇರಬೇಕು. ಕಾಗದದಲ್ಲಿ ಅಷ್ಟೂ ಬರೆ ನನ್ನ ಹೆಸರಿಗೆ ಇವೆ ಎಂದ ಮೇಲೆ, ಅದು ಅಳಿಯುವವರೆಗೆ ನಾನು ಉಪ್ಪು ತಿನ್ನುವ ಹಾಗಿಲ್ಲ. ಅಂದಿನಿಂದ ಬಿಟ್ಟೆ.

ಉಪ್ಪು ಅಂಟಿಸಿದ ರೊಟ್ಟಿ

ಉಪ್ಪು ಬಿಡಲು ಜರ್ಮನಿಗಿಂತ ಕೆಟ್ಟ ಜಾಗ ಇಲ್ಲ. ಅವರ ಮಾಂಸದ ಕಡ್ಡಿಯಲ್ಲಿ ಉಪ್ಪು, ಎಲೆಕೋಸಿನಲ್ಲಿ ಉಪ್ಪು, ಬೆಣ್ಣೆಯಲ್ಲಿ ಉಪ್ಪು. ಕೈ ಕಟ್ಟಿಕೊಂಡ ಮನುಷ್ಯನ ಹಾಗೆ ಗಂಟು ಹಾಕಿದ ಒಂದು ರೊಟ್ಟಿ ಮಾಡುತ್ತಾರೆ, ಅದರ ಮೇಲೆ ಕಲ್ಲುಪ್ಪನ್ನು ಹರಳಿನ ಹಾಗೆ ಅಂಟಿಸಿರುತ್ತಾರೆ. ಬೀರಪ್ಪ ಅದನ್ನು ತಂದುಕೊಟ್ಟ. ಉಗುರಿನಿಂದ ಒಂದೊಂದೇ ಹರಳು ಕಿತ್ತು ನೋಡಿದೆ. ಹಿಟ್ಟಿನ ಒಳಗೂ ಹಾಕಿದ್ದರು. ಅಂಗಳದ ಗುಬ್ಬಿಗಳಿಗೆ ಹಾಕಿದೆ.

ಕೊನೆಗೆ ಅಡುಗೆಯವಳ ಬಳಿ ಹೋಗಿ ಆಲೂಗಡ್ಡೆ ತೋರಿಸಿ, ನೀರು ತೋರಿಸಿ, ಉಪ್ಪಿನ ಡಬ್ಬಿಯನ್ನು ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದೆ. ಅವಳಿಗೆ ತಿಳಿಯಿತು. ಎದೆ ಮುಟ್ಟಿಕೊಂಡು, ಬಿಪಿಯಾ ಎಂಬಂತೆ ಕೇಳಿದಳು. ಹೂಂ ಎಂದೆ. ಆಮೇಲೆ ದಿನವೂ ಬರೀ ನೀರಲ್ಲಿ ಬೇಯಿಸಿದ ಆಲೂಗಡ್ಡೆ, ಜೊತೆಗೆ ಸೇಬು ಇಟ್ಟಳು. ತನ್ನ ಗಂಡನೂ ಹೀಗೇ ತಿನ್ನುತ್ತಿದ್ದ, ತಿನ್ನುತ್ತಲೇ ಸತ್ತ ಎಂದು ಸನ್ನೆಯಲ್ಲಿ ಹೇಳಿ ನಕ್ಕಳು. ನಾನೂ ನಕ್ಕೆ.

"ಇಲ್ಲಿ ಊಟ ಆಕಿಗಿ ಹಿಡಸವಲ್ದು" ಎಂದು ಬೀರಪ್ಪ ವಸುಧಾಗೆ ಹೇಳುತ್ತಿದ್ದುದು ಕೇಳಿಸಿತು. ಹಾಗೇ ತಿಳಿಯಲಿ ಎಂದು ಬಿಟ್ಟೆ.

ಕೋರ್ಟಿನ ಹೊರಗೆ

ಸಾಕ್ಷಿ ಹೇಳುವವರು ತಮ್ಮ ಸರದಿಗೆ ಮುಂಚೆ ಒಳಗೆ ಕೂಡಬಾರದು. ಬೀರಪ್ಪ ಒಳಗೆ ಹೇಳುವಾಗ ನಾನು ಹೊರಗೆ ಬೆಂಚಿನ ಮೇಲೆ ಉಣ್ಣೆ ನೂಲುತ್ತಾ ಕೂತೆ. ಬಾಗಿಲ ಪೊಲೀಸನು ನನ್ನ ಕದಿರು ಆಯುಧವೋ ಏನೋ ಎಂದು ತಿರುಗಿಸಿ ನೋಡಿ, ಮೇಲಿನವನಿಗೆ ತೋರಿಸಿ, ಮರದ್ದೆಂದು ಮರಳಿ ಕೊಟ್ಟಿದ್ದ. ಆಮೇಲೆ ತಾನೇ ಬಂದು ತನಗೂ ಕೊಡು ಎಂದ. ಕೊಟ್ಟೆ. ಎಳೆ ಹರಿದ. ಮತ್ತೆ ಹರಿದ. ಅಷ್ಟು ದೊಡ್ಡ ಮನುಷ್ಯ ನಾಚಿಕೊಂಡು ಬಾಗಿಲಿಗೆ ಹೋಗಿ ನಿಂತ. ನಮ್ಮ ಕಡೆ ಪೊಲೀಸಿನವನ ಪಕ್ಕ ನಾನು ಇಷ್ಟು ಹೊತ್ತು ಹೆದರದೆ ಕೂತದ್ದು ನೆನಪಿಲ್ಲ.

ಬೀರಪ್ಪ ಹೊರಗೆ ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು, ಆ ಚಳಿಯಲ್ಲಿ. ಪಕ್ಕದಲ್ಲಿ ಕೂತ. ಸೇಬು ಕೊಟ್ಟೆ. ತಿನ್ನಲಿಲ್ಲ, ಕೈಯಲ್ಲಿ ಹಿಡಿದುಕೊಂಡ.

"ಹೇಳಿದ್ಯಾ?"

"ಹೇಳ್ದೆ."

"ಎಲ್ಲಾ?"

"ಅವರು ಕೇಳಿದ್ದೆಲ್ಲಾ."

ಕೋರ್ಟಿನ ಒಳಗೆ

ಮರುದಿನ ನನ್ನ ಸರದಿ. ಮೇಲೆ ಐದು ಮಂದಿ ಕರಿ ನಿಲುವಂಗಿಯವರು, ನಡುವೆ ಬಿಳಿ ಕೂದಲಿನ ನ್ಯಾಯಾಧೀಶೆ. ನಾನು ನಡುವಿನ ಮೇಜಿಗೆ, ಪಕ್ಕದಲ್ಲಿ ವಸುಧಾ. ಬೀರಪ್ಪ ಈಗ ತನ್ನ ವಕೀಲಮ್ಮನ ಪಕ್ಕ ಕೂತು ಕೇಳಬಹುದಾಗಿತ್ತು.

ಆರೋಪಿಯನ್ನು ಅಲ್ಲೇ ಮೊದಲು ನೋಡಿದೆ. ರಾಕ್ಷಸನ ಹಾಗೆ ಇರಬಹುದು ಎಂದುಕೊಂಡಿದ್ದೆ. ಸಣ್ಣಗೆ, ಕನ್ನಡಕ ಹಾಕಿಕೊಂಡು, ನೆಗಡಿಯಾಗಿ ಮೂಗು ಒರೆಸುತ್ತಿದ್ದ. ಪೊಲೀಸರು ಬೇಡಿ ಬಿಚ್ಚಿದರು. ನೀರು ಕೊಟ್ಟರು. ಅವನ ಮಾತಿನಲ್ಲಿ ಕೇಳಲು ಕಿವಿಗೆ ಯಂತ್ರ ಕೊಟ್ಟರು. ಅವನು ಏನೂ ಹೇಳಲಿಲ್ಲ. ಹೇಳದೆ ಇರುವ ಹಕ್ಕು ಅವನಿಗಿದೆಯಂತೆ. ನನಗೆ ಮೊದಲು ಹೊಟ್ಟೆ ಉರಿಯಿತು. ಆಮೇಲೆ ಯೋಚಿಸಿದೆ. ನನ್ನ ಮೈದುನನಿಗೆ ಆ ಠಾಣೆಯಲ್ಲಿ ಇದೇ ಹಕ್ಕು ಕೊಟ್ಟಿದ್ದರೆ ಅಂಗಾಲು ಉಳಿಯುತ್ತಿತ್ತು. ಇವನಿಗೆ ಕೊಡದಿದ್ದರೆ ನಾಳೆ ಅವನಂಥವನಿಗೂ ಸಿಗುವುದಿಲ್ಲ. ಹೊಟ್ಟೆ ಉರಿ ಮಾತ್ರ ಹೋಗಲಿಲ್ಲ.

ಖರೆ ಹೇಳಬೇಕು, ಸುಳ್ಳು ಹೇಳಿದರೆ ಶಿಕ್ಷೆ ಇದೆ ಎಂದು ನ್ಯಾಯಾಧೀಶೆ ಹೇಳಿದಳು. ಆಮೇಲೆ ಗೋಡೆಯ ಮೇಲೆ ಫೋಟೋ ಬಿತ್ತು.

ನಾನು ಎರೆದು ಬೆಳೆಸಿದ ಮೈ. ಅವನು ಬಂದ ಮೇಲೆ ಒಂದು ಸಲವೂ ನೋಡಿರಲಿಲ್ಲ. ಈಗ ಅಷ್ಟು ಜನರ ನಡುವೆ, ಗೋಡೆಯಷ್ಟು ದೊಡ್ಡದಾಗಿ ನೋಡಿದೆ.

"ಸಮಯ ತೆಗೆದುಕೊಳ್ಳಿ ಅಂತಿದ್ದಾರೆ" ಎಂದಳು ವಸುಧಾ.

"ಬ್ಯಾಡ" ಎಂದೆ. "ಎಡಗಡಿ ಪಕ್ಕಿ ಮ್ಯಾಗಿಂದು ನಂದು. ಪಕ್ಕಿ ಹಾರಿತ್ತು, ಆಗ ಹಾಕಿದ್ದು."

ಅದನ್ನು ಎರಡೂ ಕಡೆಯವರು ಮೊದಲೇ ಒಪ್ಪಿದ್ದರಂತೆ. ಆಮೇಲೆ ಕಾಲಿನ ಫೋಟೋ ಬಂತು. ಬಲಗಾಲಿನ ಹರಡಿನ ಮೇಲೆ, ಪಾದದ ಗಂಟಿನ ಹತ್ತಿರ, ಒಂದು ಗೆರೆ. ಇದನ್ನು ಆರೋಪಿ ಮಾಡಿದ್ದೆಂದು ಖಟ್ಲೆಯಲ್ಲಿ ಬರೆದಿತ್ತು.

"ಇದೂ ನಂದು" ಎಂದೆ.

ವಕೀಲಮ್ಮನ ಕುರ್ಚಿ ಕಿರ್ರೆಂದಿತು. ಬೀರಪ್ಪ ತಲೆ ಎತ್ತಿದ. ಅವನಿಗೂ ಅದು ಗೊತ್ತಿರಲಿಲ್ಲ. ಅದನ್ನು ಹಾಕಿದಾಗ ಅವನು ಅಂಬೆಗಾಲಿಡುತ್ತಿದ್ದ. ಆ ಜೈಲಿನಲ್ಲಿ ಎಚ್ಚರ ತಪ್ಪಿದ ಹೊತ್ತಿನಲ್ಲಿ ಆದದ್ದು ಎಂದು ಅವನು ತಿಳಿದಿದ್ದ.

"ಅಷ್ಟು ಹಳೆಯದು, ನಿಮಗೆ ಹೇಗೆ ಖಾತ್ರಿ?" ಎಂದು ನ್ಯಾಯಾಧೀಶೆ ಕೇಳಿದಳು.

ಉಪ್ಪಿನ ಕಟ್ಟಳೆ ಹೇಳಿದೆ. "ಅವತ್ತ ಎಳ್ಳಮಾಸಿ ಇತ್ರಿ. ಎಲ್ಲಾರೂ ಹೊಲದಾಗ ಕುಂತು ಭಜ್ಜಿ ಉಂಡ್ರು. ಅದ್ರಾಗ ಉಪ್ಪು ಇರ್ತದಲ್ರಿ, ನಾ ಬರೇ ರೊಟ್ಟಿ ತಿಂದೆ. ಅತ್ತಿ ಭಜ್ಜಿ ಬಾಳ ಚಲೋ ಆಗಿತ್ತು ಅವತ್ತ. ಅದಕ್ಕ ನೆನಪದ."

ವಸುಧಾಗೆ ಭಜ್ಜಿ ಎಂದರೇನು ಎಂದು ಹೇಳಲು ಹೊತ್ತು ಹಿಡಿಯಿತು. ಕಾಳು, ಸೊಪ್ಪು ಎಲ್ಲಾ ಕಲಸಿ ಬೇಯಿಸಿದ್ದು ಎಂದಳು. ಐದು ಮಂದಿಯೂ ಬರೆದುಕೊಂಡರು.

ಮೂರನೆಯ ಫೋಟೋ ಹೊಟ್ಟೆಯದು. ಹೊಕ್ಕುಳ ಪಕ್ಕ ಮೂರು ಗೆರೆ, ಒಂದರ ಕೆಳಗೆ ಒಂದು, ಹೊಲ ಉತ್ತ ಹಾಗೆ.

"ಇವು ನನ್ನವಲ್ಲ."

"ಹೇಗೆ ಹೇಳುತ್ತೀರಿ?"

"ಹೊಟ್ಟಿ ಮ್ಯಾಗ ನಮ್ಮಾಗ ಹಾಕಂಗಿಲ್ರಿ. ಮತ್ತ, ಒಂದು ಗೆರಿ ಇಟ್ರ ಕಬ್ಬಿಣ ಆರ್ತದ. ಮೂರು ಇಡಬೇಕಂದ್ರ ಎರಡು ಸಲ ಎದ್ದು ಒಲಿಗಿ ಹೋಗಬೇಕು, ಕಾಸಬೇಕು, ಬರಬೇಕು. ಒಮ್ಮಿ ಕೂಸು ಚೀರಿದ್ದು ಕೇಳಿ ಮತ್ತ ಕಾಸಾಕ ಹೋಗೋ ಕೈ ನನ್ನವಲ್ಲ."

ಆರೋಪಿಯ ವಕೀಲ ಎದ್ದ. ಎಳೆಯ ಹುಡುಗ, ಮರ್ಯಾದಸ್ಥ. ನಾನು ಬಂದಾಗ ಕುರ್ಚಿ ಸರಿಸಿಕೊಟ್ಟವನು ಅವನೇ. ಖಟ್ಲೆಯಲ್ಲಿ ಇಲ್ಲದ ಇನ್ನೊಂದು ಫೋಟೋ ತೋರಿಸಿದ, ಮೊಣಕೈ ಹತ್ತಿರ ಒಂದು ದುಂಡನೆಯ ಕಲೆ.

"ಇದು?"

"ಗೊತ್ತಿಲ್ಲ."

"ಎಲ್ಲಾ ನೆನಪಿರುವ ನಿಮಗೆ ಇದು ನೆನಪಿಲ್ಲವೇ?"

"ನಾ ಹಾಕಿದ್ದು ನೆನಪದ. ನಾ ಹಾಕಲಾರದ್ದು ಹ್ಯಾಂಗ ನೆನಪಿರ್ತದ?"

"ನಿಮ್ಮ ಮಗನೇ ಡಾಕ್ಟರಿಗೆ ಎಲ್ಲವೂ ತಾಯಿ ಹಾಕಿದ್ದು ಎಂದಿದ್ದಾನೆ. ಅಂದರೆ ಅವನು ಸುಳ್ಳು ಹೇಳುತ್ತಾನೆ ಎನ್ನುತ್ತೀರಾ?"

"ಹೂಂ. ಅವತ್ತ ಸುಳ್ಳ ಹೇಳ್ಯಾನ."

"ಯಾಕೆ ಹೇಳಿದ?"

"ಅದನ್ನ ಅವನಿಗೇ ಕೇಳ್ರಿ. ನನಗ ಅನ್ನಿಸಿದ್ದು ಹೇಳ್ತೀನಿ. ಗಂಡಸಾದಂವ, ಮತ್ತೊಬ್ಬ ಗಂಡಸು ನನ್ನ ಕಟ್ಟಿಹಾಕಿ ಸುಟ್ಟ ಅಂತ ಹೇಳೋದಕಿಂತ, ನಮ್ಮವ್ವ ಸುಟ್ಟಳು ಅಂತ ಹೇಳೋದು ಹಗೂರ."

ವಸುಧಾ ಇದನ್ನು ಹೇಳುವಾಗ ನಡುವೆ ನಿಂತು ನೀರು ಕುಡಿದಳು.

ವಕೀಲ ಬಿಡಲಿಲ್ಲ. "ನೀವೂ ಕಾದ ಕಬ್ಬಿಣ ಇಟ್ಟಿದ್ದೀರಿ. ಮಾತಾಡಲು ಬಾರದ ಮಗುವಿನ ಮೇಲೆ. ಅದೂ ನೋವೇ. ನಿಮಗೂ ಇವರಿಗೂ ವ್ಯತ್ಯಾಸ ಏನು?"

ವಕೀಲಮ್ಮ ಎದ್ದು ಏನೋ ಆಕ್ಷೇಪ ಎತ್ತಿದಳು. ನ್ಯಾಯಾಧೀಶೆ ನನ್ನ ಕಡೆ ನೋಡಿದಳು. ಆ ಹುಡುಗನ ಪ್ರಶ್ನೆ ತಪ್ಪೇನಲ್ಲ. ಕಾಲಿಗೆ ಬರೆ ಹಾಕಿದಾಗ ಬೀರಪ್ಪ ಚೀರಿದ್ದು ನನಗೆ ಗೊತ್ತು.

"ನೋವು ನೋವೇರಿ. ಅದ್ರಾಗ ವ್ಯತ್ಯಾಸಿಲ್ಲ" ಎಂದೆ. "ನಾ ಹಾಕಿದ್ದು ನಾ ಹಾಕೀನಿ ಅಂತ ಹೇಳಾಕ ಇಷ್ಟು ದೂರ ಬಂದೀನಿ. ಆ ಕಾಲಿಂದು ಗಪ್ ಕುಂತಿದ್ರ ಅವನ ಲೆಕ್ಕಕ್ಕ ಹೋಗ್ತಿತ್ತು. ನಾ ಬಿಡ್ಲಿಲ್ಲ. ಅಂವಾ ಮಾಡಿದ್ದು ಅಂವಾ ಹೇಳ್ಲಿ. ಡಾಕ್ಟರ ಕಾಗದದಾಗ ಎಲ್ಲಾ ನನ್ನ ಹೆಸರಿಗೇ ಬರದದ ಅಂತ ಕೇಳಿದ ದಿನದಿಂದ ನಾ ಉಪ್ಪು ಬಿಟ್ಟೀನಿ. ಅಂವಾ ಏನು ಬಿಟ್ಟಾನ ಕೇಳ್ರಿ."

ಆರೋಪಿಯ ಕಿವಿಯ ಯಂತ್ರದಲ್ಲಿ ಈ ಮಾತು ತಡವಾಗಿ ಮುಟ್ಟಿತು. ಅವನು ಮೂಗು ಒರೆಸುವುದನ್ನು ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ, ಮೇಜು ನೋಡಿದ. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ.

ನಾನು ಬೀರಪ್ಪನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ, ಆಲೂಗಡ್ಡೆಯ ತಟ್ಟೆ ಈಗ ಅರ್ಥವಾದವನ ಹಾಗೆ.

ಹೊರಗೆ ಬಂದ ಮೇಲೆ ವಕೀಲಮ್ಮ ಕಾಲಿನ ಗುರುತು ಕೈ ಬಿಟ್ಟು ಹೋದುದಕ್ಕೆ ಬೇಸರದಲ್ಲಿದ್ದಳು. ಆದರೂ ನನ್ನ ಕೈ ಹಿಡಿದು ಕುಲುಕಿದಳು. ಗೆದ್ದೆವೋ ಸೋತೆವೋ ಯಾರೂ ಹೇಳಲಿಲ್ಲ. ಅಲ್ಲಿ ತೀರ್ಪು ಬರಲು ತಿಂಗಳುಗಳೇ ಬೇಕು.

ಮನೆ

ಜಹೀರಾಬಾದಿನಲ್ಲಿ ಇಳಿದಾಗ ಕಬ್ಬಿನ ಟ್ರ್ಯಾಕ್ಟರುಗಳ ಧೂಳು, ಹಾರ್ನು, ಚಹಾದಂಗಡಿಯ ಹೊಗೆ. ಬಸ್ಸಿನಲ್ಲಿ ಬೀರಪ್ಪ ಪಕ್ಕದಲ್ಲಿ ಕೂತ. ಝರಾಸಂಗಂ ಹತ್ತಿರ ಬಂದಾಗ ತಾನಾಗಿಯೇ ಹೇಳಿದ, "ಆ ಮೊಣಕೈದು ಸೈಲೆನ್ಸರ್ ತಾಗಿದ್ದು ಯವ್ವಾ. ನಮ್ಮೂರ ಶಂಕ್ರಪ್ಪನ ಫಟಫಟಿದು."

"ಮತ್ತ ಕೋರ್ಟಿನ್ಯಾಗ ಯಾಕ ಹೇಳ್ಲಿಲ್ಲೋ?"

"ಅದನ್ನ ಯಾರೂ ನನಗ ಕೇಳ್ಲೇ ಇಲ್ಲ."

ನನಗೆ ನಗು ಬಂತು. ಅವನಿಗೂ ಬಂತು. ಕಂಡಕ್ಟರು ಏನೆಂದು ತಿರುಗಿ ನೋಡಿದ.

ನಾನು ಉಪ್ಪು ಬಿಟ್ಟೇ ಇದ್ದೆ. ಕಾಗದ ಇನ್ನೂ ಅಳಿದಿರಲಿಲ್ಲ. ಸೊಸೆ ನನಗೆ ಬೇರೆ ಪಾತ್ರೆಯಲ್ಲಿ ಬೇಯಿಸಿದಳು. ಮುದುಕಿಗೆ ಜರ್ಮನಿ ರೋಗ ಹತ್ತಿದೆ ಎಂದು ಓಣಿಯವರು ಅಂದರು. ತಾಂಡೂರಿನಿಂದ ಮಗಳು ಬಂದು ಅತ್ತು ಹೋದಳು. ಬೀರಪ್ಪ ಮಾತ್ರ ಬಿಡು ಎಂದೂ ಅನ್ನಲಿಲ್ಲ, ಹಿಡಿ ಎಂದೂ ಅನ್ನಲಿಲ್ಲ. ಉಣ್ಣುವಾಗ ನನ್ನ ತಟ್ಟೆ ನೋಡಿ ತಲೆ ತಗ್ಗಿಸುತ್ತಿದ್ದ.

ತೊಗರಿ ಕಟಾವು ಮುಗಿದು ರಾಶಿ ಮಾಡುತ್ತಿದ್ದಾಗ ವಸುಧಾಳ ಫೋನು ಬಂತು. ಬೀರಪ್ಪ ಕಣದ ಆಚೆ ಹೋಗಿ ನಿಂತು ಕೇಳಿದ. ಬಂದು ಹೇಳಿದ. ಬಹಳ ಜನರನ್ನು ಹಿಂಸೆ ಮಾಡಿದ್ದಕ್ಕೆ ಅವನಿಗೆ ಜೈಲಾಗಿದೆ. ಮೇಲಿನ ಕೋರ್ಟಿಗೆ ಹೋಗುತ್ತಾನಂತೆ. ಬೀರಪ್ಪನ ವಿಷಯವನ್ನೂ ತೀರ್ಪಿನಲ್ಲಿ ಓದಿದರಂತೆ. ಪಕ್ಕೆಯದು, ಕಾಲಿನದು ತಾಯಿಯವು. ಮೊಣಕೈಯದು ಯಾರದೆಂದು ಗೊತ್ತಾಗಿಲ್ಲ. ಹೊಟ್ಟೆಯ ಮೇಲಿನ ಮೂರೂ ಅವನವು.

"ಹಂಗಂತ ಬರದಾರ?"

"ಬರದಾರ. ಮೂರೂ ಅವನ ಹೆಸರಿಗೆ."

ಅಂದು ಮಧ್ಯಾಹ್ನ ಬಿಸಿಲು ಜೋರಿತ್ತು. ಬೀರಪ್ಪ ತೊಟ್ಟಿಯ ಹತ್ತಿರ ಹೋಗಿ ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡ. ರಾಶಿ ಮಾಡುತ್ತಿದ್ದವರು ನೋಡಿದರು. ಅವನು ಹಾಗೇ ಬಂದು ನನ್ನ ಎದುರು ಕೂತು ಬುತ್ತಿ ಬಿಚ್ಚಿದ. ರೊಟ್ಟಿ, ಪುಂಡಿ ಪಲ್ಯ. ಸೊಸೆ ಅವನಿಗೆಂದು ಚೀಟಿಯಲ್ಲಿ ಕಟ್ಟಿದ್ದ ಉಪ್ಪನ್ನು ತೆಗೆದು, ನನ್ನ ಪಲ್ಯದ ಮೇಲೆ ಹಾಕಿ ಬೆರಳಿನಿಂದ ಕಲಸಿದ.

ಒಂದು ತುತ್ತು ತಿಂದೆ. ಉಪ್ಪು ಬಹಳ ಜಾಸ್ತಿಯಾಗಿತ್ತು.

ಹೇಳಲಿಲ್ಲ.